ಕೊನೆಯಲ್ಲಿ ಮುಟ್ಟಿದವರು

"ನಿಮ್ಮ ಮಗ ಕೈ ಹಾಕಿದ ಮೇಲೇ ಇದು ನಿಂತಿದ್ದು. ನಾನೇ ಕಣ್ಣಾರೆ ನೋಡಿದೀನಿ," ಎಂದು ಟೈಲರಮ್ಮ ತನ್ನ ಟೇಬಲ್ ಫ್ಯಾನನ್ನು ತೋರಿಸಿದಳು. ಹೊಸ ಪ್ಲಗ್ ಹಾಕಿಸಲು ಅದನ್ನು ಅಪ್ಪನ ರಿಪೇರಿ ಅಂಗಡಿಗೆ ಹೊತ್ತು ತಂದಿದ್ದಳು. ಅಪ್ಪ ಪ್ಲಗ್ ಹಾಕಿದ್ದೇ ತಡ, ಅಣ್ಣ ಬಂದು ಬಟನ್ ಒತ್ತಿದ್ದ. ಫ್ಯಾನು ಗುಂಯ್ ಎಂದಿತೇ ಹೊರತು ತಿರುಗಲಿಲ್ಲ.

ಅಣ್ಣನಿಗೆ ಮಾತು ಕಡಿಮೆ. ಅದಕ್ಕೆ ಆಟಿಸಂ ಅಂತಾರೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಖುಷಿಯಾದರೆ ಬೆರಳುಗಳನ್ನು ಆಡಿಸುತ್ತಾನೆ. ಜೋರು ಸದ್ದು ಅವನಿಗೆ ಆಗುವುದಿಲ್ಲ. ಫ್ಯಾನ್ ಎಂದರೆ ಮಾತ್ರ ಪ್ರಾಣ. ಈಗ ಟೈಲರಮ್ಮನ ದನಿಗೆ ಕಿವಿ ಮುಚ್ಚಿಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ.

ಅವನ ತಂಗಿಗೆ ಮೈಯೆಲ್ಲ ಉರಿಯಿತು. ಬಾಯಿ ಒಂದು ಗಳಿಗೆ ಸುಮ್ಮನಿರದ ಅವಳನ್ನು ಎಲ್ಲರೂ ಚಿನಕುರುಳಿ ಎಂದೇ ಕರೆಯುತ್ತಾರೆ.

"ಅಣ್ಣ ಬಟನ್ ಒತ್ತಿದ ಅಷ್ಟೇ ಆಂಟಿ. ಬಟನ್ ಇರೋದೇ ಒತ್ತೋಕೆ," ಎಂದಳು.

"ಚಿನಕುರುಳಿ, ಸಾಕು," ಎಂದ ಅಪ್ಪ. ಸ್ಕ್ರೂಡ್ರೈವರ್ ತೆಗೆದುಕೊಂಡು ಫ್ಯಾನಿನ ಜಾಲರಿ ಬಿಚ್ಚಿದ. ರೆಕ್ಕೆ ಕಳಚಿ, ಅದನ್ನು ತಿರುಗಿಸುವ ಹಿಂದಿನ ಕಡ್ಡಿಯನ್ನು ಬೆಳಕಿಗೆ ಹಿಡಿದ. "ನೋಡಿ ಟೈಲರಮ್ಮ."

ಕಡ್ಡಿಗೆ ದಾರ ಸುತ್ತಿಕೊಂಡಿತ್ತು. ಕೆಂಪು, ನೀಲಿ, ಹಳದಿ ಎಲ್ಲ ಸೇರಿ ಎಣ್ಣೆಯಲ್ಲಿ ಒಣಗಿ ಗಂಟಾಗಿತ್ತು.

"ಇದು ಒಂದು ದಿನದ ದಾರ ಅಲ್ಲ. ಒಳಗೊಳಗೇ ತಿಂಗಳುಗಟ್ಟಲೆ ಸುತ್ಕೊಂಡಿದೆ. ಇವತ್ತು ನಿಂತಿತು, ಇವತ್ತೇ ನನ್ನ ಮಗನ ಕೈ ಅದರ ಮೇಲಿತ್ತು. ಕೊನೇಲಿ ಮುಟ್ಟಿದವರ ತಲೆಗೇ ಎಲ್ಲಾನೂ ಕಟ್ಟಿಬಿಟ್ರೆ ಹೇಗೆ?"

ಟೈಲರಮ್ಮ ಬಗ್ಗಿ ನೋಡಿದಳು. "ಈ ಹಳದಿ ದಾರದಲ್ಲಿ ಹೊಲಿದು ಯಾವ ಕಾಲ ಆಯ್ತು," ಎಂದು ತನ್ನಷ್ಟಕ್ಕೆ ಗೊಣಗಿಕೊಂಡಳು. ಆಮೇಲೆ ಅಣ್ಣನ ಕಡೆ ನೋಡಿ, ಈ ಸಲ ಮೆಲ್ಲಗೆ, "ಬೇಜಾರು ಮಾಡ್ಕೋಬೇಡಪ್ಪ. ನಾಳೆ ಬಂದು ತಗೊಂಡು ಹೋಗ್ತೀನಿ," ಎಂದು ಹೊರಟಳು.

ಚಿನಕುರುಳಿಗೆ ಅಪ್ಪನ ಮೇಲೆ ಹೆಮ್ಮೆ ಉಕ್ಕಿ ಬಂತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ.

ಅಂಗಡಿಯ ಹಿಂದೆಯೇ ಮನೆ. ಅಮ್ಮ ಪಾಪುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. "ರೀ, ನಾಳೆ ಬೆಳಗ್ಗೆ ಪಾಪೂನ ಕ್ಲಿನಿಕ್ಕಿಗೆ ಕರ್ಕೊಂಡು ಹೋಗ್ಬೇಕು. ದಡಾರದ ಇಂಜೆಕ್ಷನ್. ವರ್ಷ ತುಂಬಿ ಆಗಲೇ ಲೇಟಾಗಿದೆ."

ಅಪ್ಪನ ಕೈ ನಿಂತಿತು. "ಅದೊಂದು ಬೇಡ."

"ಮತ್ತೆ ಅದೇ ರಾಗಾನಾ? ಚಿನಕುರುಳಿಗೂ ನಾನೇ ಹಾಕಿಸ್ಕೊಂಡು ಬಂದೆ, ಅವಳ ಬಾಯಿ ನಿಂತಿದೆಯಾ?"

"ಇವನಿಗೂ ಹಾಕಿಸಿದ್ವಿ. ಮಾತು ನಿಂತಿದ್ದು ಆಮೇಲೇ ತಾನೆ? ಮೊನ್ನೆ ಫೋನಿಗೊಂದು ವಿಡಿಯೊ ಬಂದಿತ್ತು. ಅದರಲ್ಲೂ ಹಾಗೇ ಹೇಳ್ತಾರೆ."

"ವಿಡಿಯೊ ಮಾಡಿದವನು ಡಾಕ್ಟರಾ? ನಮ್ಮ ಡಾಕ್ಟರು ಎಷ್ಟು ಸಲ ಬಿಡಿಸಿ ಹೇಳಿದ್ರು. ಬೇರೆ ಬೇರೆ ದೇಶಗಳಲ್ಲಿ ಲಕ್ಷಗಟ್ಟಲೆ ಮಕ್ಕಳನ್ನ ನೋಡಿದ್ದಾರೆ. ಇಂಜೆಕ್ಷನ್ ಹಾಕಿಸ್ಕೊಂಡವರಲ್ಲೂ ಬಿಟ್ಟವರಲ್ಲೂ ಆಟಿಸಂ ಒಂದೇ ಲೆಕ್ಕ, ಅದರಿಂದ ಬರಲ್ಲ. ಅದು ಹುಟ್ಟೋಕೆ ಮುಂಚೆನೇ ಶುರುವಾಗಿರುತ್ತಂತೆ. ನಮ್ಮ ಕಣ್ಣಿಗೆ ಬೀಳೋದು ಇಂಜೆಕ್ಷನ್ ಹಾಕೋ ವಯಸ್ಸಲ್ಲಿ, ಅಷ್ಟೇ."

"ಯಾರು ಏನಾದ್ರೂ ಹೇಳಲಿ. ಇವನ ಹಾಗೆ ಪಾಪೂಗೂ ಆಗ್ಬಾರ್ದು," ಎಂದುಬಿಟ್ಟ ಅಪ್ಪ.

ಸ್ಟೂಲಿನ ಮೇಲೆ ಆಡುತ್ತಿದ್ದ ಅಣ್ಣನ ಬೆರಳುಗಳು ನಿಂತವು. ಬಾಯಲ್ಲಿ ಮಾತು ಕಡಿಮೆ ಎಂದರೆ ಕಿವಿಗೂ ಕಡಿಮೆ ಎಂದೇನಲ್ಲ. ಚಿನಕುರುಳಿ ಅದನ್ನು ನೋಡಿದಳು, ಅಮ್ಮನೂ ನೋಡಿದಳು. ಅಮ್ಮ ಪಾಪುವನ್ನು ಎತ್ತಿಕೊಂಡು ಒಳಗೆ ಹೋದಳು.

ಚಿನಕುರುಳಿಗೆ ಸಿಟ್ಟೂ ಬಂತು, ಭಯವೂ ಆಯಿತು. ಕ್ಲಾಸಿನಲ್ಲಿ ಅವಳ ಪಕ್ಕದ ಜಾಗ ಖಾಲಿ ಇದೆ. ಅಲ್ಲಿ ಕೂರುವ ಗೆಳತಿಗೆ ದಡಾರ ಬಂದು, ಜ್ವರ ಏರಿ, ಉಸಿರಾಡಲು ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದ್ದಾರೆ. ಅವಳೇ ಅಷ್ಟು ದೊಡ್ಡವಳು. ಪಾಪು ಇನ್ನೂ ಗೋಡೆ ಹಿಡಿದುಕೊಂಡು ನಡೆಯುತ್ತಿದೆ.

ಅಪ್ಪನ ಜೊತೆ ವಾದ ಮಾಡಿ ಗೆದ್ದವರಿಲ್ಲ. ಅಪ್ಪ ಕಡ್ಡಿಯಿಂದ ಕಿತ್ತು ಟೇಬಲ್ಲಿನ ಮೇಲೆ ಹಾಕಿದ್ದ ದಾರದ ಗಂಟನ್ನು ಚಿನಕುರುಳಿ ನೋಡುತ್ತಾ ನಿಂತಳು. ಅವಳಿಗೆ ಏನೋ ಹೊಳೆಯಿತು.

"ಅಪ್ಪ, ಆ ಕತೆ ಹೇಳು."

"ಯಾವ ಕತೆ?"

"ಗಿರಾಕಿಗಳಿಗೆಲ್ಲ ಹೇಳ್ತೀಯಲ್ಲ, ಅಣ್ಣ ತೊಟ್ಟಿಲಲ್ಲಿದ್ದಾಗಿನದು."

ಅಪ್ಪನಿಗೆ ಅದು ಬಲು ಇಷ್ಟದ ಕತೆ. ಬೇಡವೆಂದರೂ ತುಟಿಯಲ್ಲಿ ನಗು ಬಂತು. "ಎಷ್ಟು ಕರೆದರೂ ತಿರುಗಿ ನೋಡ್ತಿರಲಿಲ್ಲ ಇವನು. ಗಿಲಕಿ ಆಡಿಸಿದರೂ ಊಹೂಂ. ಮೇಲೆ ತಿರುಗೋ ಫ್ಯಾನನ್ನೇ ನೋಡ್ತಾ ಮಲಗಿರ್ತಿದ್ದ. ಮಗ ತೊಟ್ಟಿಲಲ್ಲೇ ಅಪ್ಪನ ಕಸುಬು ಕಲೀತಿದಾನೆ ಅಂತ ನಾನು ಊರಿಗೆಲ್ಲ ಹೇಳ್ಕೊಂಡು ಬಂದೆ."

"ಅದು ಈ ಇಂಜೆಕ್ಷನ್‌ಗೆ ಮುಂಚೆನಾ, ಆಮೇಲಾ?"

"ತೊಟ್ಟಿಲಲ್ಲಿರೋ ಕೂಸಿಗೆ ಆ ಇಂಜೆಕ್ಷನ್ ಎಲ್ಲಿ..." ಎಂದವನು ಅಲ್ಲಿಗೇ ನಿಲ್ಲಿಸಿದ. ಅವನ ಕಣ್ಣೂ ದಾರದ ಗಂಟಿನ ಮೇಲೆ ಬಿತ್ತು. ಅದನ್ನು ಬೆರಳಿನಿಂದ ಹೊರಳಿಸುತ್ತಾ, "ಮುಂಚೆ. ತುಂಬಾ ಮುಂಚೆ," ಎಂದ.

 

"ಅವತ್ತು ಇಂಜೆಕ್ಷನ್‌ಗೆ ಇವನನ್ನ ಎತ್ಕೊಂಡು ಹೋಗಿದ್ದು ನಾನು," ಎಂದ ಅಪ್ಪ. ದನಿ ಸಣ್ಣದಾಗಿತ್ತು. "ಕೈಕಾಲು ಬಡೀತಾ ಅಳ್ತಿದ್ದ. ಅಲ್ಲಾಡದ ಹಾಗೆ ಗಟ್ಟಿಯಾಗಿ ಹಿಡ್ಕೊಂಡಿದ್ದೂ ನಾನೇ. ಅದಾದ ಮೇಲೆ ಇದ್ದ ಎರಡು ಮಾತೂ ನಿಂತುಹೋಯ್ತು. ನನ್ನ ಕೈಯಾರೆ ನಾನೇ ನನ್ನ ಮಗನ್ನ..." ಸ್ಕ್ರೂಡ್ರೈವರನ್ನು ಟೇಬಲ್ಲಿನ ಮೇಲಿಟ್ಟು ತನ್ನ ಕೈಗಳನ್ನೇ ನೋಡಿಕೊಂಡ.

ಅಪ್ಪನಿಗೆ ಸಿಟ್ಟು ಇರುವುದು ಡಾಕ್ಟರ ಮೇಲೆ, ಆ ಸೂಜಿಯ ಮೇಲೆ ಎಂದು ಚಿನಕುರುಳಿ ಅಂದುಕೊಂಡಿದ್ದಳು. ಗ್ರೀಸ್ ಮೆತ್ತಿದ ಅವನ ಕೈಗಳನ್ನು ನೋಡಿ ಅವಳಿಗೆ ಅಳು ಬಂತು. ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಕೆಟ್ಟರೂ ಸರಿ ಮಾಡುವ ಕೈಗಳು ಅವು.

"ಅಪ್ಪ, ನೀನೂ ಕೊನೇಲಿ ಮುಟ್ಟಿದವನು ಅಷ್ಟೇ," ಎಂದಳು.

ಅಪ್ಪ ತೋಳಿನಿಂದ ಕಣ್ಣೊರೆಸಿಕೊಂಡ. ಕೆನ್ನೆಗೂ ಗ್ರೀಸ್ ಆಯಿತು.

"ಇನ್ನೊಂದು. ಕೆಟ್ಟುಹೋಗೋಕೆ ಅಣ್ಣ ಏನು ಫ್ಯಾನಾ?"

"ಅಲ್ಲ," ಎಂದು ಅಪ್ಪ ಎದ್ದು ಅಣ್ಣನ ಸ್ಟೂಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. "ನಾನು ಹಾಗನ್ನಬಾರದಿತ್ತು. ತಪ್ಪಾಯ್ತು ಕಣೋ."

ಅಣ್ಣ ಅಪ್ಪನ ಮುಖ ನೋಡಲಿಲ್ಲ. ಟೇಬಲ್ ಕಡೆ ಕೈ ತೋರಿಸಿ, "ದಾರ," ಎಂದ. ಅಪ್ಪ ಆ ಬಣ್ಣದ ಗಂಟನ್ನು ಒರೆಸಿ, ಚೊಕ್ಕ ಮಾಡಿ ಅವನ ಕೈಗಿಟ್ಟ. ಅಣ್ಣನ ಬೆರಳುಗಳು ಮತ್ತೆ ಆಡತೊಡಗಿದವು.

ಮರುದಿನ ಬೆಳಗ್ಗೆ ಕ್ಲಿನಿಕ್ಕಿಗೆ ಇಡೀ ಮನೆಯೇ ಹೊರಟಿತು. ನರ್ಸ್ ಸಿರಿಂಜ್ ಸಿದ್ಧ ಮಾಡಿಕೊಂಡು, "ಮಗೂನ ಯಾರು ಹಿಡ್ಕೋತೀರಿ?" ಎಂದು ಕೇಳಿದಳು.

ಅಮ್ಮ ಮುಂದೆ ಬಂದಳು.

"ಕೊಡು, ನಾನೇ ಹಿಡ್ಕೋತೀನಿ," ಎಂದ ಅಪ್ಪ.

ಅಮ್ಮ ಒಂದು ಕ್ಷಣ ಅವನನ್ನೇ ನೋಡಿ, ಪಾಪುವನ್ನು ಕೊಟ್ಟಳು. ಅಪ್ಪ ಮಗುವನ್ನು ಎದೆಗೆ ಒತ್ತಿ ಅಲ್ಲಾಡದ ಹಾಗೆ ಹಿಡಿದುಕೊಂಡ. ಸೂಜಿ ಚುಚ್ಚಿದ್ದೇ ಪಾಪು ಕ್ಲಿನಿಕ್ಕು ಕಿತ್ತುಹೋಗುವ ಹಾಗೆ ಕಿರುಚಿತು.

ಅಣ್ಣ ಒಂದು ಕೈಯಿಂದ ಒಂದು ಕಿವಿ ಮುಚ್ಚಿಕೊಂಡ. ಇನ್ನೊಂದು ಕೈಯಲ್ಲಿ ದಾರದ ಗಂಟನ್ನು ಪಾಪುವಿನ ಮುಂದೆ ಹಿಡಿದ. ಪಾಪು ಅಳುತ್ತಲೇ ಅದನ್ನು ಕಿತ್ತುಕೊಂಡಿತು.

"ಮುಗೀತು, ಇನ್ನು ಬಿಡಬಹುದು," ಎಂದಳು ನರ್ಸ್.

ಅಪ್ಪ ಬಿಡಲಿಲ್ಲ. ಒಂದು ತೋಳಲ್ಲಿ ಪಾಪುವನ್ನು ಇಟ್ಟುಕೊಂಡು, ಇನ್ನೊಂದು ಕೈಯನ್ನು ಅಣ್ಣನ ತಲೆಯ ಮೇಲಿಟ್ಟ. ಅಪ್ಪ ಇವತ್ತು ಇಲ್ಲಿಗೆ ಬಂದದ್ದು ಪಾಪುವಿಗೋಸ್ಕರ ಮಾತ್ರ ಅಲ್ಲ, ಅವತ್ತು ಅಣ್ಣನನ್ನು ಹಿಡಿದ ಕೈಗಳಿಗೋಸ್ಕರವೂ ಹೌದು ಎಂದು ಚಿನಕುರುಳಿಗೆ ತಿಳಿಯಿತು.