ಜಾಡಿಯ ತಳದ ಮಲ್ಲಿಗೆ

"ಮೂಸು ಅಂದ್ರೆ ಮೂಸ್ಬೇಕು, ಜಾಡಿಗೆ ಮುತ್ತು ಕೊಡೋದಲ್ಲ," ಎಂದೆ.

ಕೋದಂಡಪ್ಪ ತಲೆಯೆತ್ತಿ ನಕ್ಕ. "ಮುತ್ತು ಕೊಡೋಕೆ ಜಾಡೀನೇ ಬೇಕಾ ರತ್ನಮ್ಮಾ?"

ಮೂವತ್ತೈದು ದಾಟಿದರೂ ಕೆನ್ನೆ ಬಿಸಿಯಾಗುತ್ತದೆ, ಥೂ!

ಎಂಬತ್ತನಾಲ್ಕರ ಮಾರ್ಚ್. ಬಂಗಾರಪೇಟೆ ಸಂತೆಗೆ ದ್ರಾಕ್ಷಿ ಬಂತೆಂದರೆ ಚಿನ್ನದ ಗಣಿಯ ಊರಿಗಾಂನ ನನ್ನ ಲೈನ್ ಮನೆಯಲ್ಲಿ ಕ್ರಿಸ್‌ಮಸ್‌ಗೆ ಮಾರುವ ವೈನಿನ ಕೆಲಸ ಶುರು. ಮೊದಲು ಜಾಡಿ ತೊಳೆಯಬೇಕು. ಸೋಡಾ ಪುಡಿ, ಕುದಿನೀರು, ತೆಂಗಿನ ನಾರು, ಮತ್ತೆ ಕುದಿನೀರು. ವೈನ್ ಇಳಿಸುವ ರಬ್ಬರ್ ಪೈಪಿಗೂ ಬಟ್ಟೆ ಸುತ್ತಿದ ತಂತಿ ತೂರಿಸಬೇಕು. ಹಳೇ ಹುಳಿ ಒಂಚೂರು ಉಳಿದರೂ ವೈನೆಲ್ಲ ವಿನೆಗರ್. ಹುಳಿಯ ನಡುವೆಯೇ ಬದುಕುವ ನನ್ನ ಮೂಗಿಗೆ ಅದು ತಿಳಿಯದು. ಮೂಸುವುದು ಅವನ ಪಾಲು. ಹೋದ ವರ್ಷ ಅವನು "ಕ್ಲೀನ್" ಎಂದ ಜಾಡಿಗಳಲ್ಲೇ ಎರಡು ಕೆಟ್ಟವು. ಚೆನ್ನಾಗಿ ಬೈದಿದ್ದೆ.

ನನ್ನ ಗಂಡ ಬಚ್ಚಪ್ಪ ಗಣಿಯ ದೂಳು ಕುಡಿದು, ಎರಡು ವರ್ಷ ಕೆಮ್ಮಿ ಕೆಮ್ಮಿ ಸತ್ತ. ಕೋದಂಡಪ್ಪನೂ ಸುರಂಗಕ್ಕಿಳಿಯುವವನೇ. "ಆ ಕೆಮ್ಮು ಈ ಮನೇಲಿ ಇನ್ನೊಂದು ಸಲ ಕೇಳಲಾರೆ," ಎಂದು ಮೊದಲ ದಿನವೇ ಹೇಳಿದ್ದೆ. "ನಂದು ಕಬ್ಬಿಣದ ಎದೆ ಕಣಮ್ಮಾ," ಎಂದಿದ್ದ. ಪ್ರತಿ ಭಾನುವಾರ ಬರುತ್ತಾನೆ, ಉಜ್ಜುತ್ತಾನೆ, ಹೋಗುತ್ತಾನೆ. ಮದುವೆಯ ಮಾತು ಮಾತ್ರ ಅವನ ಬಾಯಿಗೆ ಬರದು.

ಅದಕ್ಕೇ ಇವತ್ತು ಒಂದು ಆಟ ಹೂಡಿದ್ದೆ. ವಿಧವೆ ಮುಡಿಯಬಾರದ ಒಂದು ಮೊಳ ಮಲ್ಲಿಗೆ ತಂದು ಕೊನೆಯ ಜಾಡಿಯ ಕತ್ತಲ ತಳಕ್ಕೆ ಇಳಿಬಿಟ್ಟಿದ್ದೆ. ಮೂಸಿದರೆ ನನ್ನ ಮನಸ್ಸು ಅವನಿಗೆ ಗೊತ್ತಾಗಬೇಕು.

ಅವನು ಬಗ್ಗಿದ. ಎದ್ದ. "ಏನೂ ವಾಸ್ನೆ ಇಲ್ಲ. ಕ್ಲೀನ್."

"ಸರಿಯಾಗಿ ಮೂಸು."

"ಮೂಸಿದ್ನಲ್ಲ!"

ಅವಮಾನದಿಂದ ಮೈಯೆಲ್ಲ ಉರಿಯಿತು. ಜಾಡಿ ಬಗ್ಗಿಸಿ ಹೂವನ್ನು ಅವನ ಕಾಲ ಬಳಿ ಸುರಿದೆ. "ಬ್ಯಾಡ ಅಂದ್ರೆ ಬ್ಯಾಡ ಅನ್ನು. ಅಣಕಿಸ್ಬ್ಯಾಡ."

ಹೂವು ನೋಡಿ ಅವನ ಮುಖ ಬಿಳಿಚಿಕೊಂಡಿತು. ಆಗ ನನಗೆ ಹೊಳೆಯಿತು. ಅವನು ಉಸಿರನ್ನೇ ಎಳೆದಿರಲಿಲ್ಲ. ಹೋದ ವರ್ಷವೂ ಎಳೆದಿರಲಿಲ್ಲ.

"ಉಸ್ರು ಎಳಿ," ಎಂದೆ.

"ಬ್ಯಾಡ ರತ್ನಾ."

"ಎಳಿ ಅಂದೆ!"

ಎಳೆದ. ಅದೇ ಕೆಮ್ಮು. ನಿಲ್ಲದೆ, ಬೆನ್ನು ಮುರಿಯುವ ಹಾಗೆ. ಒಗೆಯುವ ಕಲ್ಲಿನ ಮೇಲೆ ಕುಸಿದು ಟವಲಿನಲ್ಲಿ ಬಾಯಿ ಒರೆಸಿಕೊಂಡ. ಟವಲು ಕೆಂಪಾಗಿತ್ತು.

"ಎಕ್ಸ್‌ರೇಲಿ ಗೊತ್ತಾಗಿ ವರ್ಷದ ಮೇಲಾಯ್ತು. ನಿಂಗೆ ಕೇಳಿಸ್ಬಾರ್ದು ಅಂತ ಇಲ್ಲಿ ಉಸ್ರು ಬಿಗಿ ಇಡೀತಿದ್ದೆ. ಓಗ್ತೀನಿ ಬಿಡು."

ಹೊಡೆದುಬಿಡುವಷ್ಟು ಸಿಟ್ಟು ಬಂತು. ಅವನು ಹೋದರೂ ಆ ಕೆಮ್ಮು ನನ್ನ ಕಿವಿ ಬಿಡುವುದಿಲ್ಲ. ಅವನು ಮಾತ್ರ ಇರುವುದಿಲ್ಲ.

"ಎಲ್ಲಿಗೆ ಓಗ್ತೀಯಾ? ಟ್ರಂಕು ತಗೊಂಡು ಇಲ್ಲಿಗೇ ಬಾ."

"ಈ ವೈನು ಆಗೋ ಗಂಟ ಇರ್ತೀನೋ ಇಲ್ವೋ ಕಣೇ."

"ಇದ್ದಷ್ಟು ದಿನ ಇಲ್ಲೇ ಕೆಮ್ಮು."

ಅವನು ಹೂವು ಎತ್ತಿ, ನೀರು ಕೊಡವಿ, ನನ್ನ ಜಡೆಗೆ ಸಿಕ್ಕಿಸಿದ. ಕಣ್ಣೀರು ತಡೆಯಲಾಗಲಿಲ್ಲ.

"ಜಾಡಿ ಮಲ್ಲಿಗೆ ವಾಸ್ನೆ ಒಡೀತದೆ," ಎಂದೆ. "ಇನ್ನೊಂದು ಸಲ ತೊಳೀಬೇಕು. ಇಡ್ಕೋ."

ಕೆಮ್ಮುತ್ತಲೇ ಹಿಡಿದುಕೊಂಡ.