ಸರ್ಟಿಫಿಕೇಟ್ ಇರೋ ಮಾಸ್ಟರ್

“ತಗೊಳ್ಳಿ ಮೇಡಂ... ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬಂದಿದ್ದೀರಲ್ಲ, ಕತ್ತರೀನೂ ನೀವೇ ಹಿಡೀರಿ!”

ಹೊಲಿಗೆ ಕಾರ್ಖಾನೆಯ ಕಟಿಂಗ್ ಮಾಸ್ಟರ್ ಉದ್ದನೆಯ ಮೇಜಿನ ಮೇಲೆ ಕತ್ತರಿಯನ್ನು, ಅಂದೇ ಕೆಲಸಕ್ಕೆ ಬಂದಿದ್ದ ಅವಳತ್ತ ತಳ್ಳಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

‘ಕತ್ತರಿಯಾ? ಆಫೀಸ್ ಕೆಲಸ ಅಲ್ವಾ ಇದು?’

ಎಂ.ಎ. ಮುಗಿಸಿದ ಮೇಲೆ ಅವಳು ಹತ್ತದ ಮೆಟ್ಟಿಲಿರಲಿಲ್ಲ. ದೊಡ್ಡ ಆಫೀಸಿನವರು “ಅನುಭವ ಇಲ್ಲ” ಅಂದರು. ಅಂಗಡಿಯವರು “ಇಷ್ಟು ಓದಿದವರು ನಮ್ಮಲ್ಲಿ ನಿಲ್ಲಲ್ಲಮ್ಮ” ಅಂದರು. ಕೊನೆಗೆ ಈ ಕಾರ್ಖಾನೆಯ ಮಾಲೀಕರಿಗೆ ಫೋನ್ ಮಾಡಿ, “ಮಾಸ್ಟರ್ಸ್ ಮಾಡಿದ್ದೀನಿ ಸರ್, ಸರ್ಟಿಫಿಕೇಟೂ ಇದೆ” ಅಂದಳು.

“ಸರ್ಟಿಫಿಕೇಟ್ ಇರೋ ಮಾಸ್ಟರಾ? ನಾಳೇನೇ ಬನ್ನಿ!”

ಓದಿಗೆ ಕೊನೆಗೂ ಬೆಲೆ ಬಂತೆಂದು ದೇವರ ಮುಂದೆ ಕೂತು ಅತ್ತಿದ್ದಳು. ಅಮ್ಮ ಬೀದಿಗೆಲ್ಲ ಸುದ್ದಿ ಹೇಳಿ ಬಂದಿದ್ದಳು. ಈಗ ಯಾವ ಮುಖ ಹೊತ್ತು ಹಿಂದಿರುಗುವುದು?

ಅಂಗಿಯ ಬಟ್ಟೆ ಎಳೆದುಕೊಂಡು ಕತ್ತರಿಸಿದಳು. ಎರಡು ತೋಳೂ ಬಲಗೈಗೇ ಆದವು!

“ಎರಡೂ ಬಲಗೈ ಇರೋ ಗಿರಾಕಿ ಯಾರು ಮೇಡಂ?” ಅವನು ನಗು ತಡೆದುಕೊಂಡ. “ನಿಜ ಹೇಳಿ, ಯಾವ ಮಾಸ್ಟರ್ ನೀವು?”

“ಎಂ.ಎ... ಇತಿಹಾಸ.” ಅವಳ ಕಣ್ಣು ತುಂಬಿತು. “ದಮ್ಮಯ್ಯ, ಯಜಮಾನರಿಗೆ ಹೇಳಬೇಡಿ.”

ಅವನು ಹೇಳಲಿಲ್ಲ. ಅಂದಿನಿಂದ ಮಾಲೀಕರು ಬರುವ ಮೊದಲೇ ಅವಳ ಪಾಲಿನ ಬಟ್ಟೆಯನ್ನೂ ಅವನೇ ಕತ್ತರಿಸಿಡುತ್ತಿದ್ದ. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವುದನ್ನು ಕಲಿಸುವಾಗ ಬೆರಳಿಗೆ ಬೆರಳು ತಾಗಿದರೆ, ಗೆರೆ ಸೊಟ್ಟಗಾಗುತ್ತಿತ್ತು.

ಆದರೆ ಒಂದು ಬೆಳಿಗ್ಗೆ ಮಾಲೀಕರು ಬಂದು ನಿಂತರು. “ಆರ್ಡರ್ ಕಮ್ಮಿಯಾಗಿದೆ, ಒಬ್ಬ ಮಾಸ್ಟರ್ ಸಾಕು. ಬೇಜಾರು ಮಾಡ್ಕೋಬೇಡಪ್ಪಾ... ಅವರಿಗೆ ಸರ್ಟಿಫಿಕೇಟ್ ಇದೆ. ನಿನಗೇನಿದೆ?”

ಅವನು ಅವಳತ್ತ ನೋಡಿದ. ಅಮ್ಮನ ನೆನಪಾಗಿ ಅವಳು ತಲೆ ತಗ್ಗಿಸಿದಳು. ಅದನ್ನೇ ಅವನು ಒಪ್ಪಿಗೆ ಎಂದುಕೊಂಡ.

“ಚೆನ್ನಾಗಿರಿ ಮೇಡಂ.”

ಹೊರಟೇಬಿಟ್ಟ!

‘ದೇವರೇ, ಇಷ್ಟು ಓದಿದ್ದಕ್ಕೆ ಸಿಕ್ಕಿದ್ದು ಒಂದೇ ಒಂದು ಕೆಲಸ. ಅದೂ ಅವನದ್ದು!’

ಅವಳಿಂದ ತಡೆಯಲಾಗಲಿಲ್ಲ. ಮಾಲೀಕರಿಗೆ ಎಲ್ಲವನ್ನೂ ಹೇಳಿಬಿಟ್ಟಳು.

“ಇತಿಹಾಸಾನಾ?!” ಹೊಲಿಗೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಮಾಲೀಕರು ನಗಲಿಲ್ಲ. “ಇಬ್ಬರೂ ಸೇರಿ ನನಗೇ ಟೋಪಿ ಹಾಕಿದ್ರಾ? ಅವನೂ ಬೇಡ, ನೀನೂ ಬೇಡ. ನಡಿ!”

ಬಸ್ ಸ್ಟಾಪಿನಲ್ಲಿ ಅವನು ಸಿಕ್ಕ. ಅವಳ ಮಾತು ಕೇಳಿ ತಲೆ ಮೇಲೆ ಕೈ ಹೊತ್ತ.

“ಯಾಕ್ರೀ ಹೇಳೋಕೆ ಹೋದ್ರಿ? ಒಬ್ಬರಿಗಾದ್ರೂ ಕೆಲಸ ಉಳೀತಿತ್ತು!”

“ನೀವಿಲ್ಲದ ಜಾಗದಲ್ಲಿ ನಿಲ್ಲೋಕೆ ನನ್ನಿಂದ ಆಗಲ್ಲ...”

ಅವನು ಬೆಂಚಿನಲ್ಲಿ ಸರಿದು ಅವಳಿಗೂ ಜಾಗ ಮಾಡಿದ. ಬಸ್ಸುಗಳು ಬಂದವು, ಹೋದವು. ಇಬ್ಬರಿಗೂ ಹೋಗಬೇಕಾದ ಕಡೆ ಯಾವುದೂ ಇರಲಿಲ್ಲ.

“ಇಷ್ಟು ಓದಿ ಎಂಥ ದಡ್ಡಿ ನೀನು!”

ಅವಳು ತಟ್ಟನೆ ತಲೆಯೆತ್ತಿದಳು. “ಏನಂದ್ರಿ?”

“ದಡ್ಡಿ ಅಂದೆ.”

“ಅದಲ್ಲ... ‘ನೀನು’ ಅಂದ್ರಲ್ಲ. ಇನ್ನೊಂದ್ಸಲ ಅನ್ನಿ.”

ಅವನ ದನಿ ಒಡೆಯಿತು.

“ನೀನು... ಊಟ ಮಾಡಿದ್ಯಾ?”

“ಇಲ್ಲ.”

“ನಾನೂ ಇಲ್ಲ. ಬಾ.”