ಹತ್ತೂಕಾಲಿಗೆ ನಿಂತ ಕೈಗಳು

ಸೋಮವಾರ ಬೆಳಗ್ಗೆ ಎಂಟಕ್ಕೆ ನಂಜನಗೂಡಿನ ಆಚೆಯ ಮೋಟಾರು ಕಾರ್ಖಾನೆಯಲ್ಲಿ ನಲವತ್ತು ಜನ ಹೊಸ ಗವಸು ತೊಟ್ಟು ತಮ್ಮ ತಮ್ಮ ಮೇಜಿಗೆ ಕೂತರು. ಮೇಸ್ತ್ರಿ ಗುಂಡಿ ಒತ್ತಿದ. ಎಂಬತ್ತು ಕೈಗಳು ಒಟ್ಟಿಗೆ ಎದ್ದು, ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಎತ್ತಿಕೊಂಡು, ಬೆರಳುದ್ದದ ಮೋಟಾರುಗಳ ಸೀಳುಗಳಲ್ಲಿ ಸುತ್ತತೊಡಗಿದವು. ಹೂ ಕಟ್ಟುವವರನ್ನು ನೋಡಿದ್ದೀರಲ್ಲ, ಕಣ್ಣು ಎತ್ತಲೋ ಇರುತ್ತದೆ, ಮಾತು ಯಾರ ಜೊತೆಗೋ ನಡೆದಿರುತ್ತದೆ, ಬೆರಳು ಮಾತ್ರ ತನ್ನ ಪಾಡಿಗೆ ಗಂಟು ಹಾಕುತ್ತಿರುತ್ತದೆ. ಹಾಗೆ ನಡೆದಿತ್ತು ಕೆಲಸ.

ಹತ್ತೂಕಾಲಿಗೆ ಆ ಎಂಬತ್ತು ಕೈಗಳೂ ನಿಂತವು.

ಎಡಗೈ ತಂತಿಯ ಉರುಳೆಯನ್ನು ಮೇಜಿನ ಅಂಚಿಗೆ ಸರಿಸಿತು. ಬಲಗೈ ತೊಡೆಯ ಮೇಲೆ ಎರಡು ಸಲ ಒರೆಸಿಕೊಂಡಿತು. ಆಮೇಲೆ ಎರಡೂ ಸೇರಿ ಎದೆಯ ಹತ್ತಿರ ಬಂದು, ಕಾಣದ ಲೋಟವೊಂದನ್ನು ತಬ್ಬಿದಂತೆ ಬಾಗಿ ಸುಮ್ಮನಾದವು. ನಲವತ್ತು ಜನ ಗಾಳಿ ಹಿಡಿದುಕೊಂಡು ಕೂತರು.

"ಏನೇ ಇದು, ಬಿಸಿ ಲೋಟ ಹಿಡ್ಕಂಡಂಗೆ ಹಿಡ್ಕಂಡದೆ?" ಎಂದಳು ಆರನೇ ಮೇಜಿನ ಹುಡುಗಿ.

"ಊದು. ಆರ್ಲಿ," ಎಂದಳು ಏಳನೇ ಮೇಜಿನ ಇಂಚರ.

ನಗು ಸಾಲಿನಿಂದ ಸಾಲಿಗೆ ಹರಿಯಿತು. ಮಾನವ ಸಂಪನ್ಮೂಲ ಅಧಿಕಾರಿ ಧೀರಜ್ ಮೇಲಿನ ಗಾಜಿನ ಕೋಣೆಯಿಂದ ಇಳಿದು ಬಂದ. ಒಬ್ಬ ಹುಡುಗನ ಕೈಯನ್ನು ಹಿಡಿದು ಎಳೆದ, ಕೈ ಕದಲಲಿಲ್ಲ. ಸರಿಯಾಗಿ ಹನ್ನೆರಡು ನಿಮಿಷ ಕಳೆದ ಮೇಲೆ ಕೈಗಳು ಇಲ್ಲದ ಲೋಟವನ್ನು ಪಕ್ಕಕ್ಕಿಟ್ಟು, ತಂತಿ ಎತ್ತಿಕೊಂಡು, ಮೊದಲಿಗಿಂತ ಜೋರಾಗಿ ಓಡತೊಡಗಿದವು.

ಈ ಗವಸಿನ ಸಂಗತಿಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಆಸ್ಪತ್ರೆಯ ಉಸಿರಾಟದ ಯಂತ್ರಗಳಿಗೆ ಹಾಕುವ ಕಿರುಮೋಟಾರುಗಳನ್ನು ಆ ಕಾರ್ಖಾನೆ ಮಾಡುತ್ತಿತ್ತು. ಆ ಕಾಲಕ್ಕೆ ಮಿಕ್ಕೆಲ್ಲ ಕೆಲಸವನ್ನೂ ಯಂತ್ರಗಳೇ ಮಾಡುತ್ತಿದ್ದರೂ ಈ ತಂತಿ ಮಾತ್ರ ಯಂತ್ರದ ಕೈಗೆ ಸಿಕ್ಕರೆ ತುಂಡಾಗುತ್ತಿತ್ತು. ಎಷ್ಟು ಎಳೆಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದು ಮನುಷ್ಯರ ಬೆರಳ ತುದಿಗೇ ಗೊತ್ತು. ಅದನ್ನು ಕಲಿಯಲು ಮೂರು ವರ್ಷ ಹಿಡಿಯುತ್ತಿತ್ತು. ಕಲಿತವರನ್ನು ಕಾರ್ಖಾನೆ ಕಳೆದುಕೊಳ್ಳಲು ಒಪ್ಪುತ್ತಿರಲಿಲ್ಲ. ಹಾಗಾಗಿ ಅವರಿಗೆ ಕಾಯಂ ಹುದ್ದೆ, ಕಾಯಿಲೆ ರಜೆ, ಭವಿಷ್ಯ ನಿಧಿ, ಹಬ್ಬಕ್ಕೆ ಬೋನಸ್ಸು ಎಲ್ಲ ಇತ್ತು.

ಆಮೇಲೆ ಡಾ. ಭಾರ್ಗವ ಹಸ್ತಸ್ಮೃತಿ ಗವಸನ್ನು ಕಂಡುಹಿಡಿದರು. ತೆಳ್ಳನೆಯ ಬಟ್ಟೆ, ಅದರೊಳಗೆ ಹಿಗ್ಗುವ ಕುಗ್ಗುವ ಸ್ನಾಯುನೂಲು, ಬೆರಳ ತುದಿಗಳಲ್ಲಿ ಸಾಸಿವೆಯಷ್ಟು ಸ್ಪರ್ಶಬಿಂದುಗಳು. ನುರಿತವರೊಬ್ಬರು ಇದನ್ನು ತೊಟ್ಟು ಕೆಲಸ ಮಾಡಿದರೆ ಗವಸು ಅವರ ಕೈಚಳಕವನ್ನು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಅದೇ ನೆನಪನ್ನು ತುಂಬಿದ ಗವಸನ್ನು ಯಾರೇ ತೊಡಲಿ, ಅದು ಅವರ ಬೆರಳುಗಳನ್ನು ತಾನೇ ಆಡಿಸುತ್ತದೆ. ಅಮ್ಮ ಮಗುವಿನ ಕೈ ಹಿಡಿದು ತಿದ್ದಿಸುತ್ತಾಳಲ್ಲ, ಅಷ್ಟೇ. ನೆನಪು ಕೊಟ್ಟವರು ಮೂವತ್ತೊಂದು ವರ್ಷ ಅಲ್ಲಿ ತಂತಿ ಸುತ್ತಿದ ಶಿವನಂಜಮ್ಮ. ನಿವೃತ್ತಿಗೆ ಮುಂಚೆ ಒಂದೂವರೆ ವರ್ಷ ಅವರು ಗವಸು ತೊಟ್ಟು ಕೆಲಸ ಮಾಡಿ ಮನೆಗೆ ಹೋದರು.

ಮೂರು ವರ್ಷದ ಕಲಿಕೆ ಮೂರು ದಿನಕ್ಕೆ ಇಳಿಯಿತು. ಅದರ ಜೊತೆಗೆ ಮಿಕ್ಕದ್ದೂ ಇಳಿಯಿತು. ಆ ಕಾಲದ ಕಾರ್ಮಿಕ ಕಾನೂನಿನಲ್ಲಿ ಹೊಸದೊಂದು ಪದ ಬಂತು: ಗವಸುಧಾರಕ. ವಿದ್ಯೆ ಗವಸಿನದು, ಮನುಷ್ಯ ಅದನ್ನು ಹೊತ್ತವನು ಮಾತ್ರ, ಅಂಗಿ ನೇತುಹಾಕುವ ಗೂಟದ ಹಾಗೆ. ಗೂಟಕ್ಕೆ ಯಾರಾದರೂ ರಜೆ ಕೊಡುತ್ತಾರೆಯೆ? ಗವಸುಧಾರಕರನ್ನು ಹನ್ನೊಂದು ತಿಂಗಳ ಕರಾರಿನ ಮೇಲೆ ಎಷ್ಟು ಸಲ ಬೇಕಾದರೂ ಇಟ್ಟುಕೊಳ್ಳಬಹುದು, ಯಾವಾಗ ಬೇಕಾದರೂ ಬಿಡಬಹುದು. ಗವಸಿಲ್ಲದೆ ಕೆಲಸ ಬಲ್ಲವರು ಕುಶಲಕರ್ಮಿಗಳು; ಅವರು ನಾಲ್ಕು ವರ್ಷ ದುಡಿದರೆ ಕಾಯಂ ಮಾಡಲೇಬೇಕು. ಆದರೆ ಅಂಥವರು ಈಗ ಯಾರಿದ್ದರು?

ಮೊದಮೊದಲ ಗವಸುಗಳಲ್ಲಿ ಶಿವನಂಜಮ್ಮನ ಬೆಳಗಿನ ಮೊದಲ ಒಂದು ಗಂಟೆಯ ಕೆಲಸವನ್ನೇ ತುಂಬಿಸಿ ಮತ್ತೆ ಮತ್ತೆ ಓಡಿಸುತ್ತಿದ್ದರು. ಹತ್ತೂವರೆಯ ಮೇಲೆ ಆಕೆಯ ಕೈ ಒಂದೂವರೆ ಪಟ್ಟು ಓಡುತ್ತಿತ್ತೆಂಬುದು ನೆನಪಿನ ದಾಖಲೆಯಲ್ಲಿ ಮಾಲೀಕರ ಕಣ್ಣಿಗೆ ಬಿತ್ತು. ಚೂರು ಅಜ್ಜಿಯೇ ಇಷ್ಟು ಒಳ್ಳೆಯದಾದರೆ ಇಡೀ ಅಜ್ಜಿ ಇನ್ನೆಷ್ಟು ಒಳ್ಳೆಯದು ಎಂದುಕೊಂಡು, ಹಳೆಯ ಗವಸುಗಳನ್ನೆಲ್ಲ ಹೊಸೂರಿನ ಶಾಖೆಗೆ ಸಾಗಿಸಿ, ಪೂರ್ತಿ ದಿನದ ನೆನಪು ತುಂಬಿದ ಹೊಸ ಗವಸು ತರಿಸಿದರು. ಅವೇ ಸೋಮವಾರ ನಿಂತದ್ದು. ಹತ್ತೂಕಾಲಿಗೊಮ್ಮೆ ನಿಂತವು. ಮೂರೂಕಾಲಿಗೊಮ್ಮೆ ನಿಂತವು. ಸಂಜೆ ನಾಲ್ಕೂವರೆಗೆ ಉರುಳೆಗೆ ಬಟ್ಟೆ ಮುಚ್ಚಿ, ಮಡಿಲಲ್ಲಿ ಕೈ ಮಡಿಸಿ ಕೂತವು. ಮತ್ತೆ ಏಳಲಿಲ್ಲ. ಗವಸುಧಾರಕರ ಪಾಳಿ ಆರಕ್ಕೆ ಮುಗಿಯುತ್ತಿತ್ತು, ಊಟದ ಹೊತ್ತು ಬಿಟ್ಟರೆ ಬಿಡುವೇ ಇರಲಿಲ್ಲ.

ಧೀರಜ್ ಇಂಚರಳನ್ನು ಗಾಜಿನ ಕೋಣೆಗೆ ಕರೆಸಿದ.

ಇಂಚರಳಿಗೆ ಇಪ್ಪತ್ತಾರು. ಏಳನೇ ಮೇಜಿನಲ್ಲಿ ಐದು ಕರಾರು ಮುಗಿಸಿದ್ದಳು. ಆರನೆಯದು ಶುಕ್ರವಾರ ಸಹಿಯಾಗಬೇಕಿತ್ತು. ಅವಳಿಗೀಗ ಐದು ತಿಂಗಳು. ಹೆರಿಗೆಗೆಂದು ಮನೆಯಲ್ಲಿ ಕೂತರೆ ಮೂರೇ ದಿನದಲ್ಲಿ ಇನ್ನೊಬ್ಬರು ಆ ಗವಸು ತೊಟ್ಟು ಆ ಮೇಜಿಗೆ ಕೂರುತ್ತಾರೆ. ಗಂಡ ಪ್ರಜ್ವಲನದೂ ಹನ್ನೊಂದು ತಿಂಗಳ ಕೆಲಸವೇ, ಬೇರೆ ಕಾರ್ಖಾನೆಯಲ್ಲಿ. ಹೆರಿಗೆ ರಜೆ ಕೊಡಿ ಎಂದು ಅವಳು ಹೋದ ತಿಂಗಳು ಒಂದು ಅರ್ಜಿ ಬರೆದಿದ್ದಳು. ಆ ಅರ್ಜಿ ಈಗ ಧೀರಜನ ಮೇಜಿನ ಮೇಲಿತ್ತು.

"ರಜೆ ಕೇಳಿದ್ರಿ, ಕೊಡ್ಲಿಲ್ಲ. ಅದಕ್ಕೆ ಗವಸಿಗೆ ರಜೆ ಕಲಿಸಿದ್ರಾ?" ಎಂದ ಧೀರಜ್.

"ಗವಸು ನಂಗೆ ಕಲಿಸ್ತದೆ ಅಂತ ನೀವೇ ಬರೆದಿದ್ದೀರಲ್ಲ ಸರ್, ಕರಾರಲ್ಲಿ. ನಾನು ಅದಕ್ಕೆ ಹೆಂಗ್ ಕಲಿಸ್ಲಿ?"

"ಮಾತು ಚೆನ್ನಾಗಿದೆ. ಶುಕ್ರವಾರದೊಳಗೆ ಯಾರ ಕೈವಾಡ ಅಂತ ಗೊತ್ತಾಗಬೇಕು. ನಿಮ್ಮದೇ ಅಂತಾದ್ರೆ ಈ ಇಡೀ ಕೈಗಾರಿಕಾ ಪ್ರದೇಶದಲ್ಲಿ ಯಾರೂ ನಿಮ್ಮನ್ನ ಗೇಟಿನ ಒಳಗೆ ಬಿಡಲ್ಲ."

ಡಾ. ಭಾರ್ಗವರು ಮೈಸೂರಿನಿಂದ ಬಂದರು. ತೆಳ್ಳಗಿನ, ಅವಸರದ ಮನುಷ್ಯ. ಮಂಗಳವಾರ ಅವರು ಗವಸಿನ ನೆನಪಿನಿಂದ ಆ ಹನ್ನೆರಡು ನಿಮಿಷಗಳನ್ನು ಕತ್ತರಿಸಿ ಹಿಂದು ಮುಂದಿನ ತುದಿ ಅಂಟಿಸಿದರು. ಕೈಗಳು ಹತ್ತೂಕಾಲಿಗೆ ನಿಲ್ಲಲಿಲ್ಲ. ಹನ್ನೊಂದರ ಹೊತ್ತಿಗೆ ಮೇಜು ಮೇಜಿನಲ್ಲೂ ತಂತಿ ತುಂಡಾಗತೊಡಗಿತು. ಮಧ್ಯಾಹ್ನದ ಹೊತ್ತಿಗೆ ಕಸದ ಬುಟ್ಟಿಗಳು ತಾಮ್ರದ ಕೂದಲಿನಿಂದ ತುಂಬಿದವು. ಕತ್ತರಿಸಿದ್ದನ್ನು ಅವರು ಸಂಜೆ ಮತ್ತೆ ಜೋಡಿಸಿದರು.

"ಅಜ್ಜಿನ್ನೇ ಕೇಳಬಹುದಲ್ವ ಸರ್?" ಎಂದಳು ಇಂಚರ. ಐದು ವರ್ಷದಲ್ಲಿ ಯಾರಿಗೂ ಹೊಳೆಯದ ಮಾತು ಅದು.

ಬುಧವಾರ ಭಾರ್ಗವರೂ ಇಂಚರಳೂ ಮನೆ ಹುಡುಕಿಕೊಂಡು ಹೋದಾಗ ಶಿವನಂಜಮ್ಮ ಜಗುಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಎಪ್ಪತ್ತರ ಹತ್ತಿರದ ಮುಖ, ಮೂವತ್ತರ ಬೆರಳು. ಕಾಳು ಪಟಪಟನೆ ಸಿಪ್ಪೆ ಬಿಟ್ಟು ಪಾತ್ರೆಗೆ ಬೀಳುತ್ತಿತ್ತು.

"ಡಾಕ್ಟ್ರು ಅಂದ್ರಲ್ಲ, ನನ್ ಮಂಡಿ ಒಸಿ ನೋಡಿ," ಎಂದರು.

"ಅಜ್ಜಿ, ನಾನು ಆ ಡಾಕ್ಟರ್ ಅಲ್ಲ. ನಿಮ್ಮ ಕೈಗೆ ಗವಸು ಮಾಡಿದವನು."

"ಹಂಗಾರೆ ಮಂಡಿಗೂ ಒಂದ್ ಮಾಡ್ಬುಡಿ."

ಭಾರ್ಗವರು ನಡೆದದ್ದನ್ನೆಲ್ಲ ಹೇಳಿದರು. ಶಿವನಂಜಮ್ಮ ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ಹತ್ತೂಕಾಲಿಗೆ ಟೀ ಬೆಲ್ ಹೊಡೀತಿತ್ತಲ್ಲ. ನಿಲ್ದೆ ಏನ್ ಮಾಡಾದು?"

"ಟೀ ಅಂದ್ರೆ ಅಷ್ಟು ಇಷ್ಟವಾ ನಿಮಗೆ?"

"ಎಲ್ಲಿ ಇಷ್ಟ. ಟೀ ಕುಡುದ್ರೆ ನಂಗೆ ಪಿತ್ತ ಆಯ್ತದೆ. ನಾನು ಬಿಸಿನೀರ್ ಈಸ್ಕಂಡು ಲೋಟ ಹಿಡ್ಕಂಡ್ ಕೂರ್ತಿದ್ದೆ. ಎರಡು ಗಂಟೆ ತಂತಿ ಹಿಡುದ್ರೆ ಬೆರಳ್ ತುದಿ ಜೋಮು ಹಿಡೀತದೆ ಕಣಪ್ಪ, ತಂತಿ ಎಳೀತಾ ಇದ್ದೀನೋ ಬಿಟ್ಟಿದ್ದೀನೋ ತಿಳಿಯಾಕಿಲ್ಲ. ಬಿಸಿ ಲೋಟ ತಬ್ಬುದ್ರೆ ಅದ್ಕೆ ಜೀವ ಬತ್ತದೆ. ನಾನು ಸೇರ್ದಾಗ ಟೀ ಇರ್ಲಿಲ್ಲ. ಆ ವರ್ಷ ಒಂದು ಗಾಡಿ ತುಂಬ ಮೋಟಾರು ಸುಟ್ಟೋಗಿ ವಾಪಸ್ ಬಂದ್ವು. ಗುರುಸಿದ್ದಪ್ಪ ಅಂತ ಒಬ್ರು ಸೂಪರ್‌ವೈಸರು, ನಮ್ ಪಕ್ಕ ಎಂಟ್ ದಿನ ಕೂತು ನೋಡುದ್ರು. ಒಂಬತ್ತನೇ ದಿನ ಅವ್ರೇ ಟೀ ಕ್ಯಾನ್ ಹೊತ್ಕಂಡ್ ಬಂದ್ರು."

ಭಾರ್ಗವರು ಟಿಪ್ಪಣಿ ಪುಸ್ತಕ ತೆರೆದರು, ಏನೂ ಬರೆಯದೆ ಮುಚ್ಚಿದರು. ಮಾಲೀಕರು ಆಸೆಪಟ್ಟ ಹತ್ತೂವರೆಯ ಮೇಲಿನ ಓಟ ಬಿಸಿನೀರಿನದಾಗಿತ್ತು; ಬಿಡುವು ಕತ್ತರಿಸಿದ ದಿನ ಜೋಮು ಹಿಡಿದ ಬೆರಳು ಆ ಓಟಕ್ಕೆ ತಾಳದೆ ತಂತಿ ತುಂಡಾಗಿತ್ತು.

ಇಂಚರ ಅಷ್ಟರಲ್ಲಿ ಪಾತ್ರೆಗೆ ಕೈ ಹಾಕಿ ತಾನೂ ಕಾಳು ಹಿಸುಕುತ್ತಿದ್ದಳು. ಶಿವನಂಜಮ್ಮ ಅವಳ ಹೊಟ್ಟೆಯನ್ನು ನೋಡಿದರು. "ಎಷ್ಟರಲ್ಲಿ?"

"ಐದು ಅಜ್ಜಿ."

"ನಂಗೆ ಎರಡು ಹೆರಿಗೆಗೂ ಸಂಬಳ ಸಮೇತ ರಜೆ ಕೊಟ್ಟಿದ್ರು. ವಾಪಸ್ ಹೋದಾಗ ಮೇಜು ಒರೆಸಿ ಮಡಗಿದ್ರು. ನಿಂಗೆ?"

"ನಾನು ಗೂಟ ಅಲ್ವಾ ಅಜ್ಜಿ."

ಶಿವನಂಜಮ್ಮ ಕಾಳು ಹಿಸುಕುತ್ತಿದ್ದ ಅವಳ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದರು. ಅದರಲ್ಲಿ ಹಳೆಯದೊಂದು ಬೋಳು ಮೋಟಾರು, ಒಂದು ಉರುಳೆ ತಂತಿ. ನಿವೃತ್ತಿಯ ದಿನ ನೆನಪಿಗೆಂದು ಕೇಳಿ ತಂದದ್ದು.

"ಸುತ್ತು," ಎಂದರು.

"ಗವಸಿಲ್ಲ ಅಜ್ಜಿ."

"ಕೈ ಅದೆಯಲ್ಲ."

ಇಂಚರ ಹೆದರುತ್ತ ತಂತಿ ಹಿಡಿದಳು. ಮೊದಲ ಸೀಳಿನಲ್ಲಿ ತಡವರಿಸಿದಳು. ಎರಡನೆಯದರಲ್ಲಿ ಉಸಿರು ಹಿಡಿದಳು. ಮೂರನೆಯ ಸೀಳಿಗೆ ಬರುವಷ್ಟರಲ್ಲಿ ಕಣ್ಣು ಬೀದಿಯ ಕಡೆಗಿತ್ತು, ಬೆರಳು ಓಡುತ್ತಿತ್ತು.

"ನೋಡಿ, ಕಿರುಬೆರಳು ಮಡಿಸ್ಕಂಡು ಹಿಡೀತಾಳೆ," ಎಂದರು ಶಿವನಂಜಮ್ಮ. "ನಾನು ಯಾವತ್ತೂ ಹಂಗ್ ಹಿಡ್ದೋಳಲ್ಲ. ಇದು ನನ್ ಕೈ ಅಲ್ಲ ಡಾಕ್ಟ್ರೇ. ಇವಳ್ದೇ."

ಭಾರ್ಗವರು ಮೋಟಾರನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಗವಸು ನೆನಪಿಟ್ಟುಕೊಳ್ಳೋ ಹಾಗೆ ಮಾಡೋದಕ್ಕೆ ಹತ್ತು ವರ್ಷ ತಗೊಂಡೆ," ಎಂದರು ಕೊನೆಗೆ. "ಒಳಗಿರೋ ಕೈಯೂ ನೆನಪಿಟ್ಟುಕೊಳ್ಳುತ್ತೆ ಅಂತ ಒಂದು ದಿನವೂ ಯೋಚನೆ ಮಾಡಲಿಲ್ಲ."

"ದೊಡ್ಡ ಓದು ಓದಿದ್ದೀರಿ, ಇರ್ಲಿ ಬುಡಿ," ಎಂದರು ಶಿವನಂಜಮ್ಮ. ಹೊರಡುವಾಗ ಹಿಸುಕಿದ ಬೇಳೆ ಒಂದು ಪೊಟ್ಟಣ ಕಟ್ಟಿ ಇಂಚರಳ ಕೈಗಿಟ್ಟರು.

ಗುರುವಾರ ಭಾರ್ಗವರು ಧೀರಜನಿಗೆ ಹೇಳಿದರು: ಯಾರ ಕೈವಾಡವೂ ಇಲ್ಲ, ನಿಲ್ಲುತ್ತಿರುವುದು ಶಿವನಂಜಮ್ಮ. ಧೀರಜ್ ನಂಬಲಿಲ್ಲ. ಅವನಿಗೊಂದು ಉಪಾಯ ಹೊಳೆದಿತ್ತು.

"ನಾಳೆ ಎಲ್ಲರ ಗವಸೂ ತೆಗೆಸ್ತೀನಿ. ಬರಿಗೈಯಲ್ಲೇ ಕೂತು ಸುತ್ತಲಿ. ಹೇಗಾದರೂ ಸುತ್ತಲಿ, ಮೋಟಾರು ಹಾಳಾದರೆ ಆಗಲಿ. ಗವಸೇ ಇಲ್ಲದಿದ್ದಾಗ ಹತ್ತೂಕಾಲಿಗೆ ಯಾರ ಕೈ ನಿಲ್ಲುತ್ತೋ ಅವರೇ ಕಳ್ಳರು. ಸರಿ ತಾನೇ?"

ಭಾರ್ಗವರು ಕನ್ನಡಕ ಒರೆಸಿಕೊಂಡರು. "ತರ್ಕ ಸರಿಯಾಗಿದೆ. ಪರೀಕ್ಷೆಯ ವಿಧಾನ, ಫಲಿತಾಂಶ ಎರಡನ್ನೂ ನೀವೇ ಬರೆದು ಸಹಿ ಹಾಕಿ ಕೇಂದ್ರ ಕಚೇರಿಗೆ ಕಳಿಸಿಬಿಡಿ. ಆಮೇಲೆ ಯಾರೂ ತಕರಾರು ತೆಗೆಯಬಾರದು."

"ಖಂಡಿತ," ಎಂದ ಧೀರಜ್.

ಶುಕ್ರವಾರ ನಲವತ್ತು ಜನ ಬರಿಗೈಯಲ್ಲಿ ಕೂತರು. ಧೀರಜ್ ಸಾಲುಗಳ ನಡುವೆ ಗಡಿಯಾರ ಹಿಡಿದು ನಡೆದಾಡಿದ. ಮೊದಲ ಕಾಲು ಗಂಟೆ ಒಂದಷ್ಟು ತಂತಿ ತುಂಡಾಯಿತು, ಒಂದಷ್ಟು ಬೈಗುಳ ಕೇಳಿಸಿತು. ಆಮೇಲೆ ಸದ್ದು ಅಡಗಿತು. ಮೇಸ್ತ್ರಿ ಅಭ್ಯಾಸಬಲದಿಂದ, ಮುಗಿದ ಮೋಟಾರುಗಳನ್ನು ಪರೀಕ್ಷಾ ಕಟ್ಟೆಯ ಮೇಲೆ ಇಡುತ್ತ ಹೋದ. ಹಸಿರು ದೀಪ ಹತ್ತಿತು. ಮತ್ತೆ ಹಸಿರು. ಮತ್ತೆ ಹಸಿರು. ಧೀರಜ್ ಅತ್ತ ನೋಡಲಿಲ್ಲ. ಅವನ ಕಣ್ಣು ಕೈಗಳ ಮೇಲಿತ್ತು.

ಹತ್ತೂಕಾಲಾಯಿತು.

ಇಂಚರಳ ಕೈ ನಿಂತಿತು. ಧೀರಜ್ ಗೆದ್ದವನ ಹಾಗೆ ಬೆರಳು ಎತ್ತಿದ. ಎತ್ತಿದ ಬೆರಳು ಹಾಗೇ ಉಳಿಯಿತು. ಆರನೇ ಮೇಜು ನಿಂತಿತ್ತು. ಹದಿನೆಂಟನೆಯದು ನಿಂತಿತ್ತು. ಕೊನೆಯ ಸಾಲಿನಲ್ಲಿ ಬೆಳಗಿನಿಂದ ತಂತಿ ಹರಿಯುತ್ತಿದ್ದ, ಮೊನ್ನೆ ಮೊನ್ನೆ ಸೇರಿದ ಹುಡುಗನ ಕೈಯೂ ತೊಡೆಗೆ ಎರಡು ಸಲ ಒರೆಸಿಕೊಂಡು ಎದೆಯ ಹತ್ತಿರ ಬಂದಿತ್ತು. ನಲವತ್ತು ಜನ ಕಾಣದ ಲೋಟ ಹಿಡಿದು ಕೂತಿದ್ದರು.

"ಕೆಲಸ ಕಲಿಯೋಕೆ ವರ್ಷಗಟ್ಟಲೆ ಬೇಕು," ಎಂದರು ಭಾರ್ಗವರು ಮೆಲ್ಲಗೆ. "ಟೀ ಕಲಿಯೋಕೆ ಮೂರು ದಿನ ಸಾಕು ಅಂತ ಕಾಣುತ್ತೆ."

ಧೀರಜನ ವರದಿ ಮೇಸ್ತ್ರಿಯ ಪರೀಕ್ಷಾ ಪಟ್ಟಿಯೊಂದಿಗೆ ಅಂದೇ ಹೊರಟುಹೋಯಿತು. ಆರನೇ ಕರಾರಿಗೆ ಅಂದು ಸಹಿಯಾಗಲಿಲ್ಲ. ಕೇಂದ್ರ ಕಚೇರಿಯ ವಕೀಲರು ವರದಿಯನ್ನು ಎರಡು ಸಲ ಓದಿ ತಲೆಯ ಮೇಲೆ ಕೈ ಹೊತ್ತು ಕೂತರಂತೆ. ನಲವತ್ತು ಜನರಲ್ಲಿ ಮೂವತ್ತೊಂದು ಜನ ಗವಸಿಲ್ಲದೆ ಸರಿಯಾದ ಮೋಟಾರು ಮಾಡಬಲ್ಲರು ಎಂದು ಕಾರ್ಖಾನೆಯೇ ದಿನಾಂಕ ಸಮೇತ ಬರೆದುಕೊಟ್ಟಿತ್ತು. ಕಾರ್ಮಿಕ ನಿರೀಕ್ಷಕರು ಕೇಳಿದರೆ ಇವರನ್ನು ಗವಸುಧಾರಕರೆಂದು ಕರೆಯುವುದು ಹೇಗೆ?

ಕಾಯಂ ಮಾಡುವ ಕಾಗದ ಬರಲು ಆರು ವಾರ ಹಿಡಿಯಿತು. ನಾಲ್ಕು ವರ್ಷ ದಾಟಿದ್ದವರು ಹನ್ನೊಂದೇ ಜನ. ಮಿಕ್ಕವರು ಇನ್ನೂ ಕಾಯಬೇಕಿತ್ತು. ಆದರೆ ಟೀ ಎಲ್ಲರಿಗೂ ಬಂತು, ದೊಡ್ಡ ಸ್ಟೀಲಿನ ಕ್ಯಾನಿನಲ್ಲಿ, ಜೊತೆಗೊಂದು ಬಿಸಿನೀರಿನ ಕ್ಯಾನು. ಪಾಳಿಯೂ ಸಂಜೆ ನಾಲ್ಕೂವರೆಗೆ ಬಂದು ನಿಂತಿತು, ಏಕೆಂದರೆ ಆಮೇಲೆ ಸುತ್ತಿದ್ದು ಯಾವುದೂ ಹಸಿರು ದೀಪ ಕಾಣುತ್ತಿರಲಿಲ್ಲ.

ಇಂಚರಳನ್ನು ಗಾಜಿನ ಕೋಣೆಗೆ ಕರೆದರು. ಕಾಗದದ ನೆತ್ತಿಯಲ್ಲಿ ಗವಸುಧಾರಕಿ ಎಂಬ ಅಚ್ಚಿನ ಮೇಲೆ ಗೀಟು ಎಳೆದು, ಕುಶಲಕರ್ಮಿ ಎಂದು ಕೈಯಲ್ಲಿ ಬರೆದಿತ್ತು. ಎರಡನೇ ಪುಟದಲ್ಲಿ ಹೆರಿಗೆ ರಜೆಯ ಸಾಲು ಇತ್ತು. ಅವಳು ಆ ಸಾಲನ್ನು ನಿಧಾನವಾಗಿ ಬೆರಳಿಟ್ಟು ಓದಿದಳು, ಇನ್ನೊಮ್ಮೆ ಓದಿದಳು.

"ಬೇಗ ಸಹಿ ಮಾಡಿ, ಹತ್ತೂವರೆಗೆ ನನಗೆ ಮೀಟಿಂಗ್ ಇದೆ," ಎಂದ ಧೀರಜ್.

ಅವಳು ಪೆನ್ನು ಹಿಡಿದಳು, ಕಿರುಬೆರಳು ಮಡಿಸಿಕೊಂಡು. ಇಂಚ ಎಂದು ಬರೆದಳು. ಕೈ ನಿಂತಿತು.

ಧೀರಜ್ ಗೋಡೆಯ ಗಡಿಯಾರ ನೋಡಿದ. ಕೆಳಗೆ ಕ್ಯಾನಿನ ನಲ್ಲಿ ತಿರುವಿದ ಸದ್ದು, ಲೋಟಗಳ ಸದ್ದು ಕೇಳುತ್ತಿತ್ತು.

"ಇದು ನಿಮ್ಮ ಕೈಯೋ, ಅಜ್ಜಿ ಕೈಯೋ?"

"ಗೊತ್ತಾಗ್ತಿಲ್ಲ ಸರ್," ಎಂದಳು ಇಂಚರ, ಪೆನ್ನನ್ನು ಕಾಗದದ ಪಕ್ಕಕ್ಕೆ ಸರಿಸುತ್ತ. "ಕೂತ್ಕೊಳ್ಳಿ. ಹನ್ನೆರಡು ನಿಮಿಷ ಅಷ್ಟೇ. ನಿಮಗೆ ಟೀನಾ, ಬಿಸಿನೀರಾ?"